ಚಪ್ಪಲಿ ಹೊರಗೇ ಬಿಟ್ಟಿದ್ದೆವು, ಪಾದ ಯಾರೂ ನೋಡಲಿಲ್ಲ

ನಿನ್ನೆ ನಮ್ಮೂರ ಸಮುದಾಯ ಭವನದಲ್ಲಿ ಉಚಿತ ತಪಾಸಣೆ ಶಿಬಿರ ಇತ್ತು. ‘ಕೃತಕ ಬುದ್ಧಿಮತ್ತೆಯಿಂದ ಚರ್ಮದ ಕ್ಯಾನ್ಸರ್ ಪತ್ತೆ’ ಅಂತ ಬ್ಯಾನರ್. ತೀರ್ಥಹಳ್ಳಿ ಬಸ್ಸಿನಲ್ಲಿ ಕೂತವರಿಗೂ ಕಾಣುವ ಹಾಗೆ ಕಟ್ಟಿದ್ದರು. ದೀಪ ಹಚ್ಚಿದರು, ಮೂರು ಭಾಷಣ ಆಯಿತು, ಉಪ್ಪಿಟ್ಟು ಚೆನ್ನಾಗಿತ್ತು. ಆಮೇಲೆ ನಡೆದದ್ದರ ಸಿಟ್ಟು ಇನ್ನೂ ಇಳಿದಿಲ್ಲ. ಅಡಿಕೆ ಸುಲಿಯುವವರ ಲೆಕ್ಕ ಬರೆಯಲು ಕೂತವನು ಅದನ್ನು ಬದಿಗಿಟ್ಟು ಇದನ್ನು ಬರೆಯುತ್ತಿದ್ದೇನೆ.

ಕೆಳಗಿನಮನೆ ದೊಡ್ಡಮ್ಮ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದಿಂದ ಎದ್ದು ನೇರ ಅಲ್ಲಿಗೆ ಬಂದಿದ್ದಳು. ಹೆಬ್ಬೆರಳು, ತೋರುಬೆರಳು ಎರಡೂ ಅಡಿಕೆ ಕರೆ ಹತ್ತಿ ಕಪ್ಪಗಾಗಿದ್ದವು. ಉಗುರಿನ ಸಂದಿಯಲ್ಲೂ ಕರೆ. ಫೋನ್ ಹಿಡಿದ ಹುಡುಗ, ಪಾಪ ಒಳ್ಳೆಯ ಹುಡುಗನೇ, ಒಂದು ಸಣ್ಣ ಲೆನ್ಸ್ ಸಿಕ್ಕಿಸಿ ಹೆಬ್ಬೆರಳಿನ ಫೋಟೋ ತೆಗೆದ. ಪರದೆ ಮೇಲೆ ಚಕ್ರ ತಿರುಗಿತು. ಕೆಂಪು ಬಣ್ಣದಲ್ಲಿ ‘ಹೈ ರಿಸ್ಕ್’ ಅಂತ ಬಂತು.

"ಅಜ್ಜಿ, ನೀವು ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ ತೋರಿಸಬೇಕು."

"ಎಂತಕ್ಕೆ ತಮ್ಮಾ? ಇದು ಅಡಿಕೆ ಕರೆ. ಲಿಂಬೆಹಣ್ಣು ಹಾಕಿ ತಿಕ್ಕಿದ್ರೆ ಹೋಗ್ತದೆ."

ಇಡೀ ಹಾಲ್ ನಕ್ಕಿತು. ನಾನೂ ನಕ್ಕೆ. ಆಮೇಲೆ ಬಾಗಿಲ ಕಡೆ ಕಣ್ಣು ಹೋಯಿತು. ಎಪ್ಪತ್ತು ಎಂಬತ್ತು ಜೊತೆ ಚಪ್ಪಲಿ ಹೊರಗೆ ರಾಶಿ ಬಿದ್ದಿದ್ದವು. ಒಳಗೆ ಕೂತಿದ್ದವರೆಲ್ಲ ಬರಿಗಾಲು. ಮುಖ ನೋಡಿದರು, ಕೈ ನೋಡಿದರು, ಕುತ್ತಿಗೆ ಹಿಂದಿನ ಮಚ್ಚೆ ನೋಡಿದರು. ಬಿಸಿಲು ಬೀಳುವ ಜಾಗ ಅಂತೆ. ಮಧ್ಯಾಹ್ನ ಎರಡು ಗಂಟೆಯವರೆಗೆ ಕೂತು ಕಾದೆ. ಒಬ್ಬರಿಗಾದರೂ ‘ಕಾಲು ಚಾಚಿ, ಅಂಗಾಲು ನೋಡೋಣ’ ಅನ್ನಲಿಲ್ಲ.

ನನ್ನ ಸಿಟ್ಟು ಇಷ್ಟೇ. ಅಂಗಾಲು ನೋಡಲಿಲ್ಲ.

‘ಅದಕ್ಕೆ ಇಷ್ಟು ಕೂಗಾಟ ಯಾಕೆ ಮಾರಾಯ’ ಅನ್ನುವವರಿಗೆ ಸ್ವಲ್ಪ ವಿವರ. ಬಿಳಿ ಚರ್ಮದವರಿಗೆ ಬಿಸಿಲೇ ದೊಡ್ಡ ಶತ್ರು, ನಿಜ. ಆಸ್ಟ್ರೇಲಿಯಾದಲ್ಲಿ ಚರ್ಮದ ಕ್ಯಾನ್ಸರ್ ಅಷ್ಟು ಜಾಸ್ತಿ ಇರುವುದು ಅದಕ್ಕೇ. ನಮ್ಮ ಬಣ್ಣ ನಮ್ಮನ್ನು ತಕ್ಕಮಟ್ಟಿಗೆ ಕಾಯುತ್ತದೆ. ಮೆಲನೋಮ ಅನ್ನುವ ಕೆಟ್ಟ ಜಾತಿಯ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಅಪರೂಪ. ಆದರೆ ಬಂದಾಗ ಹೆಚ್ಚಾಗಿ ಬರುವುದು ಅಂಗಾಲು, ಅಂಗೈ, ಉಗುರಿನ ಅಡಿ, ಇಂಥ ಕಡೆಯೇ. ಅಲ್ಲಿ ಬಿಸಿಲಿಗೆ ಏನು ಕೆಲಸ? ಜಮೈಕಾದ ಹಾಡುಗಾರ ಬಾಬ್ ಮಾರ್ಲಿಗೆ ಬಂದಿದ್ದು ಕಾಲಿನ ಹೆಬ್ಬೆರಳ ಉಗುರಿನ ಕೆಳಗೆ. ಮೊದಲು ಫುಟ್‌ಬಾಲ್ ಆಡುವಾಗ ಬಿದ್ದ ಪೆಟ್ಟು ಅಂದುಕೊಂಡಿದ್ದರಂತೆ. 1981ರಲ್ಲಿ ತೀರಿಕೊಂಡಾಗ ಅವನಿಗೆ ಬರೀ 36 ವರ್ಷ.

ಇನ್ನು ಆ ಯಂತ್ರದ ಓದು. ಹನ್ನೆರಡು ವರ್ಷ ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ ತೋಟಕ್ಕೆ ವಾಪಸ್ ಬಂದವನು ನಾನು, ಹಳೇ ಚಟ ಬಿಟ್ಟಿಲ್ಲ. ಮನೆಗೆ ಬಂದವನೇ ಹುಡುಕುತ್ತಾ ಕೂತೆ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಸುಮಾರು 1,29,000 ಫೋಟೋ ತೋರಿಸಿ ಕಂಪ್ಯೂಟರಿಗೆ ಪಾಠ ಹೇಳಿದರು. 21 ಚರ್ಮದ ಡಾಕ್ಟರುಗಳ ಎದುರು ನಿಲ್ಲಿಸಿದಾಗ ಅದು ಅವರಿಗೆ ಸರಿಸಮ ನಿಂತಿತು. ಪೇಪರುಗಳಲ್ಲೆಲ್ಲ ಅದೇ ಸುದ್ದಿ. ಅದರ ಬಾಲದಲ್ಲೊಂದು ತಮಾಷೆ ಇದೆ, ಅದು ಅಷ್ಟು ಸುದ್ದಿಯಾಗಲಿಲ್ಲ. ಅನುಮಾನದ ಗಡ್ಡೆಯ ಫೋಟೋ ತೆಗೆಯುವಾಗ ಡಾಕ್ಟರುಗಳು ಅಳತೆಗೆ ಅಂತ ಪಕ್ಕದಲ್ಲಿ ಸ್ಕೇಲ್ ಇಡುತ್ತಾರೆ. ಕಂಪ್ಯೂಟರು ಅದನ್ನೂ ಕಲಿತುಬಿಟ್ಟಿತು. ಸ್ಕೇಲ್ ಕಂಡರೆ ಕ್ಯಾನ್ಸರ್ ಅನ್ನುವ ಕಡೆಗೇ ವಾಲುತ್ತಿತ್ತು! ಇದನ್ನು ಮುಚ್ಚಿಡದೆ ಹೇಳಿಕೊಂಡವರೂ ಸ್ಟ್ಯಾನ್‌ಫರ್ಡ್‌ನವರೇ. ದೊಡ್ಡಮ್ಮನ ಅಡಿಕೆ ಕರೆಯ ಮೇಲೆ ನಮ್ಮ ಆ್ಯಪ್ ಬಿದ್ದಿದ್ದರಲ್ಲಿ ಆಶ್ಚರ್ಯ ಏನಿದೆ?

2018ರಲ್ಲಿ ಎಲ್ಲರಿಗೂ ಬಳಸಲು ಸಿಗುವ ಹಾಗೆ ಇನ್ನೊಂದು ಫೋಟೋ ರಾಶಿ ಹೊರಗೆ ಬಂತು. 10,015 ಫೋಟೋ. ಬಂದಿದ್ದೆಲ್ಲ ಆಸ್ಟ್ರಿಯಾದ ವಿಯೆನ್ನಾ ಮತ್ತು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಿಂದ. ಬೆನ್ನಿನ ಫೋಟೋಗಳೇ ಎರಡು ಸಾವಿರಕ್ಕೂ ಜಾಸ್ತಿ. ಪಾದದ್ದು ನೂರಕ್ಕೆ ನಾಲ್ಕೂ ಇಲ್ಲ. ಅದರಲ್ಲೂ ಬರಿಗಾಲಲ್ಲಿ ತೋಟ ಸುತ್ತಿದ, ಒಡೆದ, ಕೆಸರು ಕುಡಿದ ನಮ್ಮಂಥ ಪಾದ ಎಷ್ಟಿದ್ದಾವು ನೀವೇ ಯೋಚಿಸಿ.

ಬೆಂಗಳೂರಿನ ಭಾವನಿಗೆ ರಾತ್ರಿ ಫೋನ್ ಮಾಡಿ ಇದನ್ನೆಲ್ಲ ಒದರಿದೆ. ಅವನು ತಣ್ಣಗೆ, "ಡಾಕ್ಟರೇ ಇಲ್ಲದ ಊರಿಗೆ ಆ್ಯಪ್ ಆದರೂ ಬಂತಲ್ಲೋ, ಏನೂ ಇಲ್ಲದಿರುವುದಕ್ಕಿಂತ ವಾಸಿ ಅಲ್ವಾ?" ಅಂದ. ಕೇಳಲು ಚೆನ್ನಾಗಿದೆ. ಕಲಿಸಿದರೆ ಅದು ಕಲಿಯುತ್ತದೆ ಅನ್ನುವುದನ್ನೂ ನಾನು ಒಪ್ಪುತ್ತೇನೆ. 2022ರಲ್ಲಿ ಬೇರೆ ಬೇರೆ ಬಣ್ಣದವರ 656 ಫೋಟೋ ಇಟ್ಟು ಪರೀಕ್ಷೆ ಮಾಡಿದಾಗ ಕಪ್ಪು ಚರ್ಮದ ಮೇಲೆ ಈ ಯಂತ್ರಗಳು ಎಡವಿದವು. ಅಂಥದೇ ಫೋಟೋ ಕೊಟ್ಟು ಮತ್ತೆ ಪಾಠ ಹೇಳಿದಾಗ ಸುಧಾರಿಸಿದವು. ಸರಿ. ಆದರೆ ಏನೂ ಇಲ್ಲದಾಗ ಮನುಷ್ಯನಿಗೆ ಒಂದು ಹೆದರಿಕೆಯಾದರೂ ಇರುತ್ತದೆ. ಕೈಗೆ ಹಸಿರು ಟಿಕ್ ಕೊಟ್ಟು ಕಳಿಸಿದರೆ ಆ ಹೆದರಿಕೆಯೂ ಹೋಯಿತು. ಅಂಗಾಲು ನೋಡದೆಯೇ ನಿನ್ನೆ ಎಷ್ಟು ಜನರಿಗೆ ಹಸಿರು ಟಿಕ್ ಕೊಟ್ಟರು ಗೊತ್ತಾ? ಹೆಚ್ಚುಕಮ್ಮಿ ಎಲ್ಲರಿಗೂ. ನನಗೂ.

ಅದೂ ಅಲ್ಲದೆ ತಪ್ಪು ಹೇಳುವ ಯಂತ್ರ ನುರಿತ ಡಾಕ್ಟರನ್ನೂ ದಾರಿ ತಪ್ಪಿಸುತ್ತದೆ ಅಂತ 2020ರಲ್ಲೇ ಪರೀಕ್ಷೆ ಮಾಡಿ ತೋರಿಸಿದ್ದಾರೆ. ನುರಿತವರ ಗತಿಯೇ ಹೀಗಾದರೆ ಎರಡು ದಿನ ತರಬೇತಿ ಪಡೆದ ಆ ಹುಡುಗ ಏನು ಮಾಡಿಯಾನು? ಅದೇ ಅಧ್ಯಯನದಲ್ಲಿ ಒಳ್ಳೆಯ ಯಂತ್ರದಿಂದ ಜಾಸ್ತಿ ಲಾಭ ಆಗಿದ್ದು ಅನುಭವ ಕಡಿಮೆ ಇದ್ದ ಡಾಕ್ಟರುಗಳಿಗೆ ಅಂತಲೂ ಇದೆ. ಇದನ್ನು ಭಾವನಿಗೆ ಹೇಳಲಿಲ್ಲ. ಅವನಿಗೆ ಮೊದಲೇ ಬೇಕಾದಷ್ಟು ಹಮ್ಮು.

ಅಪ್ಪನ ವಿಷಯ ನಿಮಗೆಲ್ಲ ಗೊತ್ತು. ಬರೆಯಬಾರದು ಅಂತಲೇ ಶುರು ಮಾಡಿದ್ದೆ.

ಹಿಮ್ಮಡಿಯ ಒಳಬದಿಯಲ್ಲಿ ಒಂದು ಕಪ್ಪು ಚುಕ್ಕೆ. ಅಪ್ಪ ಆಣಿ ಅಂದ. ಮುಳ್ಳು ಚುಚ್ಚಿ ಒಳಗೇ ಉಳಿದಿದೆ ಅಂದಳು ಅಮ್ಮ. ಹಿಮ್ಮಡಿ ಒಡೆದಿತ್ತಲ್ಲ, ಬಚ್ಚಲ ಕಟ್ಟೆ ಮೇಲೆ ಕೂರಿಸಿ ಗೇರೆಣ್ಣೆ ಹಚ್ಚಿದವನು ನಾನೇ. ಒಂದು ಸಲವಲ್ಲ, ಇಡೀ ಚಳಿಗಾಲ. ಗೇರೆಣ್ಣೆ ಹಚ್ಚಿದ ಮೇಲೆ ಇಡೀ ಹಿಮ್ಮಡಿಯೇ ಕಪ್ಪು. ಚುಕ್ಕೆ ಯಾವುದು, ಎಣ್ಣೆ ಯಾವುದು? ಅದರಡಿಯಲ್ಲಿ ಅದು ಸದ್ದಿಲ್ಲದೆ ಅಗಲ ಆಯಿತು. ಮಳೆಗಾಲಕ್ಕೆ ಕೀವು. ಪೇಟೆಯ ಡಾಕ್ಟರು ಮೂರು ತಿಂಗಳು ಮುಲಾಮು ಕೊಟ್ಟರು. ಘಟ್ಟ ಇಳಿದು ದೊಡ್ಡ ಆಸ್ಪತ್ರೆಗೆ ಹೋಗಿ ಚೂರು ಮಾಂಸ ತೆಗೆದು ಬಯಾಪ್ಸಿ ಮಾಡಿಸುವ ಹೊತ್ತಿಗೆ ತೊಡೆಸಂದಿಯಲ್ಲಿ ಗಂಟು ಎದ್ದಿತ್ತು. ಅಲ್ಲಿಯ ಡಾಕ್ಟರು ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಅವರು ಆವತ್ತು ಲೈಟಿರುವ ಪುಟ್ಟ ಭೂತಗನ್ನಡಿಯಲ್ಲಿ, ಡರ್ಮೋಸ್ಕೋಪ್ ಅಂತಾರೆ, ಹತ್ತು ಪಟ್ಟು ದೊಡ್ಡದು ಮಾಡಿ ನನಗೂ ತೋರಿಸಿದ್ದರು. ಅಂಗಾಲಿನ ಚರ್ಮದಲ್ಲಿ ಸಾಲು ಸಾಲು ದಿಣ್ಣೆ, ನಡುವೆ ಕಾಲುವೆ. ಥೇಟ್ ನಮ್ಮ ತೋಟದ ಬಸಿಗಾಲುವೆ ಇದ್ದ ಹಾಗೆ. ಕಪ್ಪು ಬಣ್ಣ ಕಾಲುವೆಯಲ್ಲಿ ನಿಂತಿದ್ದರೆ ಸಾಮಾನ್ಯವಾಗಿ ಅದು ಬರೀ ಮಚ್ಚೆ. ದಿಣ್ಣೆಯ ಮೇಲೆ ಹತ್ತಿ ಕೂತಿದ್ದರೆ ಅನುಮಾನ ಪಡಬೇಕು. ಜಪಾನಿನ ಡಾಕ್ಟರುಗಳು ಅಂಗಾಲು ನೋಡಿ ನೋಡಿ ಹಿಡಿದ ಗುಟ್ಟಂತೆ ಅದು. ಅವರಲ್ಲೂ ಈ ರೋಗ ಬರುವುದು ಹೆಚ್ಚಾಗಿ ಪಾದಕ್ಕೇ. ಅಪ್ಪನದ್ದು ದಿಣ್ಣೆಯ ಮೇಲಿತ್ತು. ಅದನ್ನು ನೋಡಿದ ಮೇಲೆ ಬಸಿಗಾಲುವೆ ಹೂಳು ತೆಗೆಯುವಾಗಲೆಲ್ಲ ನನಗೆ ಅದೇ ನೆನಪು.

ಶಿಬಿರದವರಿಗೆ ನಾನು ಕೇಳಿಕೊಳ್ಳುವುದು ಕೋಟಿ ರೂಪಾಯಿಯ ಮೆಷಿನ್ನನ್ನಲ್ಲ. ಎರಡು ಬಕೆಟ್ ನೀರು, ಒಂದು ಸೋಪು, ಒಂದು ಮಣೆ. ಕಾಲು ತೊಳೆಸಿ, ಮಣೆ ಮೇಲೆ ಇಡಿಸಿ, ನೋಡಿ. ಬೇಕಾದರೆ ಆಮೇಲೆ ನಿಮ್ಮ ಫೋನಿಗೂ ತೋರಿಸಿ, ಅದೂ ಕಲಿಯಲಿ. ಅಡಿಕೆ ಬೇಯಿಸುವ ಹಂಡೆ ಹತ್ತಿರ ಸುಟ್ಟುಕೊಂಡ ಹಳೇ ಕಲೆ ಯಾರಿಗಾದರೂ ಇದೆಯಾ ಅಂತ ಕೇಳಿ. ವರ್ಷಗಳಾದ ಮೇಲೆ ಅಂಥ ಕಲೆ ಹುಣ್ಣಾಗಿ ಮಾಗದೆ ಉಳಿದರೆ ಅದೂ ಕ್ಯಾನ್ಸರ್ ಇರಬಹುದು. ಇದೂ ನಿನ್ನೆ ಯಾರ ಬಾಯಲ್ಲೂ ಬರಲಿಲ್ಲ.

ಇವತ್ತು ಸಂಜೆ ತಡೆಯಲಾಗದೆ ಟಾರ್ಚ್ ಹಿಡಿದು ಕೆಳಗಿನಮನೆಗೆ ಹೋದೆ. ದೊಡ್ಡಮ್ಮ ಜಗಲಿಯಲ್ಲಿ ಕೂತಿದ್ದಳು. ಕಾಲು ಮುಟ್ಟಿದ ಕೂಡಲೇ "ಒಳ್ಳೇದಾಗ್ಲಿ, ಎಂತ ವಿಶೇಷ?" ಅಂತ ತಲೆ ಮೇಲೆ ಕೈಯಿಟ್ಟಳು. "ವಿಶೇಷ ಎಂತದ್ದೂ ಇಲ್ಲ, ಪಾದ ತಿರುಗಿಸು" ಅಂದೆ. ನಾಚಿಕೊಂಡಳು. ಎಷ್ಟು ವರ್ಷದಿಂದ ಆ ಕಾಲಿಗೆ ಬಿದ್ದಿದ್ದೇನೆ, ಅಡಿಭಾಗ ನೋಡಿದ್ದು ಇದೇ ಮೊದಲು.

ಎಡಗಾಲಿನಲ್ಲಿ, ಕಿರುಬೆರಳಿನ ಕೆಳಗೆ, ಹುರುಳಿಕಾಳಿನಷ್ಟು ಕಪ್ಪು. ಸೋಪು ಹಾಕಿ ತಿಕ್ಕಿದೆ. ಲಿಂಬೆಹಣ್ಣನ್ನೂ ಹಚ್ಚಿದೆ. ಹೋಗಲಿಲ್ಲ. ದಿಣ್ಣೆಯ ಮೇಲಿದೆಯೋ ಕಾಲುವೆಯಲ್ಲಿದೆಯೋ ನನ್ನ ಟಾರ್ಚಿಗೆ ತಿಳಿಯಲಿಲ್ಲ.

ಗುರುವಾರ ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಹೊರಟಿದ್ದೇವೆ, ಚರ್ಮದ ಡಾಕ್ಟರ ಹತ್ತಿರ ಚೀಟಿ ಮಾಡಿಸಿದ್ದೇನೆ. ದೊಡ್ಡಮ್ಮ ಮಾತ್ರ ಗಾಂಧಿಬಜಾರಿನಲ್ಲಿ ಒಂದು ಸೀರೆ ನೋಡುವುದಿದೆ ಅಂತ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.