ತಲೆಗೊಂದು ರಟ್ಟಿನ ಡಬ್ಬಿ

ಏಲಕ್ಕಿ ಹಾರಕ್ಕೆ, ಬ್ಯಾಡಗಿ ಮೆಣಸಿನಕಾಯಿಗೆ ಹೆಸರಾಗಿದ್ದ ಹಾವೇರಿ 2019ರ ಅಕ್ಟೋಬರಿನಲ್ಲಿ ರಟ್ಟಿನ ಡಬ್ಬಿಗೆ ಹೆಸರಾಯಿತು. ಅಲ್ಲಿನ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪರೀಕ್ಷೆ ನಡೆದಿತ್ತು. ಸಾಲಾಗಿ ಕೂತ ಮಕ್ಕಳ ತಲೆಗೆ ಒಂದೊಂದು ಡಬ್ಬಿ. ಮುಂದುಗಡೆ ಮಾತ್ರ ಕತ್ತರಿಸಿ ಕಿಂಡಿ ಬಿಟ್ಟಿದ್ದರು. ತಮ್ಮ ಪೇಪರ್ ಕಾಣಬೇಕು, ಪಕ್ಕದವನ ಪೇಪರ್ ಕಾಣಬಾರದು. ಜಟಕಾ ಕುದುರೆಗೆ ಕಣ್ಣಪಟ್ಟಿ ಕಟ್ಟುತ್ತಿದ್ದರಲ್ಲ, ಅದೇ ಲೆಕ್ಕ. ಕುದುರೆಗೆ ಆವರ್ತಕ ಕೋಷ್ಟಕ ಕೇಳುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಫೋಟೋ ಬಿಬಿಸಿವರೆಗೂ ಹೋಯಿತು. ಪಿಯು ಇಲಾಖೆಯ ಅಧಿಕಾರಿಗಳು ಓಡಿ ಬಂದು ಡಬ್ಬಿ ಇಳಿಸಿದರು. ಆಡಳಿತ ಮಂಡಳಿ ಕ್ಷಮೆ ಕೇಳಿತು. ಕೇಳುವ ಮೊದಲು ಒಂದು ವಿವರಣೆ ಕೊಟ್ಟಿತು, ಅದನ್ನು ನಾನು ಇವತ್ತಿಗೂ ಮರೆತಿಲ್ಲ. ಯಾರಿಗೂ ಬಲವಂತ ಮಾಡಿಲ್ಲವಂತೆ. ಡಬ್ಬಿಗಳನ್ನು ಮಕ್ಕಳೇ ತಂದಿದ್ದರಂತೆ. ಕೆಲವರು ಹದಿನೈದು ನಿಮಿಷಕ್ಕೆ ತೆಗೆದರಂತೆ, ಕೆಲವರು ಇಪ್ಪತ್ತು ನಿಮಿಷಕ್ಕೆ. ಒಂದು ಗಂಟೆ ಆದಮೇಲೆ ಇವರೇ ತೆಗೆಸಿದರಂತೆ. ಇನ್ನು ಐಡಿಯಾ ಎಲ್ಲಿಂದ ಬಂತು ಅಂದರೆ, ಬಿಹಾರದಲ್ಲಿ ಎಲ್ಲೋ ಹೀಗೆ ಮಾಡಿದ್ದಾರೆಂದು ಕೇಳಿದ್ದರಂತೆ.

ಅಂದರೆ ಕಾಪಿ ತಡೆಯುವ ಉಪಾಯವನ್ನೇ ಕಾಪಿ ಹೊಡೆದಿದ್ದರು. ಅದೂ ಎಲ್ಲಿಂದ? 2015ರಲ್ಲಿ ವೈಶಾಲಿ ಜಿಲ್ಲೆಯ ಶಾಲೆಯೊಂದರ ಗೋಡೆಗೆ ಅಪ್ಪಂದಿರು, ಅಣ್ಣಂದಿರು ಹಲ್ಲಿಗಳ ಹಾಗೆ ಅಂಟಿಕೊಂಡು ಕಿಟಕಿಯಲ್ಲಿ ಚೀಟಿ ತೂರಿಸುತ್ತಿದ್ದ ಚಿತ್ರ ನೋಡಿದ್ದೀರಲ್ಲ, ಅದೇ ರಾಜ್ಯದಿಂದ. ಕಾಪಿ ಹೊಡೆಯುವಾಗ ಪಕ್ಕದಲ್ಲಿ ಕೂತವನು ಎಂಥವನು ಅಂತಲಾದರೂ ನೋಡಬೇಡವೇ?

ಸುಮ್ನೆ ಬಿಹಾರವನ್ನು ಆಡಿಕೊಳ್ಳುವುದೂ ತಪ್ಪು. ಬ್ಯಾಂಕಾಕಿನ ಕಸೆತ್ಸಾರ್ಟ್ ವಿಶ್ವವಿದ್ಯಾಲಯದಲ್ಲಿ 2013ರಲ್ಲೇ ಹುಡುಗ ಹುಡುಗಿಯರು ಕಿವಿಯ ಎರಡೂ ಬದಿಗೆ ಬಿಳಿ ಹಾಳೆ ಇಳಿಬಿಟ್ಟುಕೊಂಡು ಪರೀಕ್ಷೆ ಬರೆದಿದ್ದರು. 2022ರಲ್ಲಿ ಫಿಲಿಪೀನ್ಸಿನ ಎಂಜಿನಿಯರಿಂಗ್ ಮಕ್ಕಳಿಗೆ ಮೇಡಂ ಒಬ್ಬರು ನೀವೇ ಏನಾದರೂ ಟೋಪಿ ಮಾಡಿಕೊಂಡು ಬನ್ನಿ ಅಂದರು. ಅವರು ಮೊಟ್ಟೆಯ ಟ್ರೇ, ಹೆಲ್ಮೆಟ್ಟು, ರಟ್ಟು, ಏನು ಸಿಕ್ಕಿತೋ ಅದನ್ನೆಲ್ಲ ತಲೆಗೇರಿಸಿ ಪರೀಕ್ಷೆಯನ್ನು ಛದ್ಮವೇಷ ಸ್ಪರ್ಧೆ ಮಾಡಿಬಿಟ್ಟರು. ಜಗತ್ತು ನಕ್ಕು ಚಪ್ಪಾಳೆ ತಟ್ಟಿತು. ನಮ್ಮವರಿಗೆ ಮಾತ್ರ ಬೈಗುಳ. ನಮ್ಮ ಡಬ್ಬಿಗೆ ಬಣ್ಣ ಹಚ್ಚಿರಲಿಲ್ಲ, ಅದೇ ತಪ್ಪಾಯಿತು ಅನಿಸುತ್ತದೆ.

ನಾನಂತೂ ಡಬ್ಬಿಯನ್ನು ಬೈಯುವುದಿಲ್ಲ. ಅದರ ಹಿಂದೆ ವಿಜ್ಞಾನವಿದೆ. 1920ರ ದಶಕದಲ್ಲಿ ಅಮೆರಿಕದಲ್ಲಿ ಹಾರ್ಟ್‌ಶೋರ್ನ್ ಮತ್ತು ಮೇ ಅಂತ ಇಬ್ಬರು ಸಂಶೋಧಕರಿದ್ದರು. ಸಾವಿರಾರು ಶಾಲಾ ಮಕ್ಕಳನ್ನು ಕೂರಿಸಿ ಯಾರು ಮೋಸ ಮಾಡುತ್ತಾರೆ, ಯಾರು ಮಾಡಲ್ಲ ಅಂತ ವರ್ಷಗಟ್ಟಲೆ ನೋಡಿದರು. ನೋಡಿದ ರೀತಿ ಕೇಳಿ. ಮಕ್ಕಳ ಉತ್ತರಪತ್ರಿಕೆ ತೆಗೆದುಕೊಂಡು ಹೋಗಿ ಗುಟ್ಟಾಗಿ ಅದರ ನಕಲು ಮಾಡಿಟ್ಟುಕೊಳ್ಳುವುದು. ಆಮೇಲೆ ಅದೇ ಪತ್ರಿಕೆಯನ್ನು ಮಕ್ಕಳ ಕೈಗೆ ವಾಪಸ್ ಕೊಟ್ಟು, ಸರಿಯುತ್ತರ ತೋರಿಸಿ, ನಿಮಗೆ ನೀವೇ ಮಾರ್ಕ್ಸ್ ಹಾಕಿಕೊಳ್ಳಿ ಅನ್ನುವುದು. ಯಾರು ಎಲ್ಲಿ ತಿದ್ದಿದರು ಅಂತ ಹೋಲಿಸಿ ನೋಡುವುದು. ಮಕ್ಕಳ ಪ್ರಾಮಾಣಿಕತೆ ಅಳೆಯಲು ದೊಡ್ಡವರೇ ಕಾಪಿ ಮಾಡಬೇಕಾಯಿತು.

1928ರಲ್ಲಿ ಬಂದ ಅವರ ಪುಸ್ತಕದ ಸಾರ ಇಷ್ಟು: ಪ್ರಾಮಾಣಿಕ ಮಗು, ಕಳ್ಳ ಮಗು ಅಂತ ಎರಡು ಜಾತಿ ಇಲ್ಲ. ಪರೀಕ್ಷೆಯಲ್ಲಿ ಕದಿಯುವವನು ಆಟದಲ್ಲಿ ಕದಿಯದೇ ಇರಬಹುದು. ನೀತಿಪಾಠ ಕೇಳಿದವರೂ ಕೇಳದವರೂ ಹೆಚ್ಚುಕಡಿಮೆ ಒಂದೇ. ಜಾಗ ಎಂಥದು, ಸಿಕ್ಕಿಬೀಳುವ ಭಯ ಎಷ್ಟು, ಸುತ್ತಲಿನವರು ಏನು ಮಾಡುತ್ತಿದ್ದಾರೆ, ಇದರ ಮೇಲೆ ಎಲ್ಲ ನಿಂತಿದೆ. ಸುತ್ತಲಿನವರೇ ಕಾರಣ ಅಂದಮೇಲೆ ಸುತ್ತಲಿನವರು ಕಾಣದ ಹಾಗೆ ಡಬ್ಬಿ ಹಾಕಿದರಾಯಿತಲ್ಲ! ತೊಂಬತ್ತು ವರ್ಷದ ಮೇಲೆ ಆ ಸಂಶೋಧನೆಯನ್ನು ಅಕ್ಷರಶಃ ಜಾರಿಗೆ ತಂದವರು ನಮ್ಮ ಹಾವೇರಿಯವರು.

ಡಬ್ಬಿ ಬೇಡ ಅನ್ನುವವರಿಗೆ ಇನ್ನೊಂದು ಔಷಧಿಯೂ ಇತ್ತು. ಮುಚ್ಚಳಿಕೆ. ನಮ್ಮಲ್ಲಿ ಎಲ್ಲದಕ್ಕೂ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ರ‍್ಯಾಗಿಂಗ್ ಮಾಡಲ್ಲ ಅಂತ ಕಾಲೇಜು ಸೇರುವ ಮಗುವೂ ಬರೆಯಬೇಕು, ಅಪ್ಪ ಅಮ್ಮನೂ ಬರೆಯಬೇಕು. ಈ ಸಹಿಯ ಬಗ್ಗೆಯೂ ಒಂದು ಸಂಶೋಧನೆ ಬಂತು, 2012ರಲ್ಲಿ. ಫಾರಂನ ಕೊನೆಯಲ್ಲಿ ಅಲ್ಲ, ಶುರುವಿನಲ್ಲೇ 'ನಾನು ಹೇಳುವುದೆಲ್ಲ ನಿಜ' ಅಂತ ಸಹಿ ಹಾಕಿಸಿದರೆ ಜನ ಸುಳ್ಳು ಕಡಿಮೆ ಹೇಳುತ್ತಾರಂತೆ. ಬರೆದ ಐವರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದವರಿದ್ದರು, ಡ್ಯೂಕ್ ವಿಶ್ವವಿದ್ಯಾಲಯದವರಿದ್ದರು. ಸರ್ಕಾರಗಳೂ ಫಾರಂ ಬದಲಿಸಿ ನೋಡಿದವು. 2020ರಲ್ಲಿ ಅದೇ ಲೇಖಕರು ಇನ್ನಷ್ಟು ಜನರ ಜೊತೆ ಸೇರಿ ಮತ್ತೆ ಮಾಡಿ ನೋಡಿದರೆ ಸಹಿ ಎಲ್ಲಿದ್ದರೂ ಒಂದೇ. 2021ರಲ್ಲಿ ಬೇರೆ ಸಂಶೋಧಕರು 2012ರ ಲೇಖನದೊಳಗಿನ ಕಾರ್ ಇನ್ಶೂರೆನ್ಸ್ ಲೆಕ್ಕವನ್ನು ಕೆದಕಿದರು. ಅಂಕಿಗಳು ಕಟ್ಟುಕತೆಯಾಗಿದ್ದವು. ಅರ್ಧ ಅಂಕಿಗಳು ಒಂದು ಫಾಂಟಿನಲ್ಲಿ, ಇನ್ನರ್ಧ ಇನ್ನೊಂದು ಫಾಂಟಿನಲ್ಲಿ! ಎಸ್ಸೆಸ್ಸೆಲ್ಸಿ ಹುಡುಗ ಅಡಿಷನಲ್ ಶೀಟಿನಲ್ಲಿ ಎರಡು ಕೈಬರಹ ಬಿಟ್ಟರೆ ಸ್ಕ್ವಾಡಿನವರು ಎರಡು ನಿಮಿಷದಲ್ಲಿ ಹಿಡಿಯುತ್ತಾರೆ. ಇದನ್ನು ಹಿಡಿಯಲು ಒಂಬತ್ತು ವರ್ಷ ಬೇಕಾಯಿತು. ಲೇಖನವನ್ನು ಅಚ್ಚು ಹಾಕಿದ ಪತ್ರಿಕೆಯೇ ವಾಪಸ್ ಪಡೆಯಿತು. ಅಂಕಿ ಕಟ್ಟಿದ್ದು ನಾನಲ್ಲ ಅಂತ ಲೇಖಕರು ಹೇಳಿದರು. ನಮ್ಮ ಹುಡುಗರೂ ಹಾಗೇ ಹೇಳುತ್ತಾರೆ: ಚೀಟಿ ನಂದಲ್ಲ ಸಾರ್, ಬೆಂಚಿನ ಕೆಳಗೆ ಮೊದಲೇ ಇತ್ತು.

ನಾನೂ ಕೊಠಡಿ ಮೇಲ್ವಿಚಾರಕನಾಗಿ ಎಷ್ಟೋ ವರ್ಷ ಕಾಲು ಸವೆಸಿದವನು. ಒಂದೂರಿನ ಕೇಂದ್ರ. ಹೆಸರು ಬೇಡ. ಮೊದಲ ದಿನ ಬೆಳಿಗ್ಗೆ ಹಿರಿಯರೊಬ್ಬರು ಇಡ್ಲಿ ವಡೆ ತರಿಸಿ, ನನ್ನ ತಟ್ಟೆಗೆ ತಾವೇ ಚಟ್ನಿ ಹಾಕಿ, ಮೆಲ್ಲಗೆ ಅಂದರು: "ಮೇಷ್ಟ್ರೇ, ಒಂದು ಮಾರ್ಕಿನವು ಮಾತ್ರ. ಜಾಸ್ತಿ ಏನೂ ಬೇಡ. ಸ್ವಲ್ಪ ಜೋರಾಗಿ ಓದಿಬಿಡಿ ಸಾಕು. ಹೋದ ಸಲ ನಮ್ಮ ತಾಲ್ಲೂಕು ಕೆಳಗಿನಿಂದ ಎರಡನೇದು. ಮೀಟಿಂಗಲ್ಲಿ ನಿಲ್ಲಿಸಿ ಬೈದರು." ನಾನು ಏನೂ ಹೇಳಲಿಲ್ಲ. ವಡೆ ಬಾಯಲ್ಲಿತ್ತು. ಆ ದಿನ ನಾನು ಓದಲಿಲ್ಲ, ಪಕ್ಕದ ಕೊಠಡಿಯಲ್ಲಿ ಓದಿದರು. ಗೋಡೆ ತೆಳ್ಳಗಿತ್ತು. ನನ್ನ ಕೊಠಡಿಯ ಮಕ್ಕಳೂ ಬರೆದುಕೊಂಡರು. ಒಬ್ಬ ಹುಡುಗ ಮಾತ್ರ "ಸಾರ್, ನಾಲ್ಕನೇದು ಕೇಳಿಸಲಿಲ್ಲ" ಅಂತ ನನಗೇ ದೂರು ಕೊಟ್ಟ. ಅವನ ಮುಖದಲ್ಲಿ ಕಳ್ಳತನದ ಲಕ್ಷಣವೇ ಇರಲಿಲ್ಲ. ರೇಷನ್ ಅಂಗಡಿಯಲ್ಲಿ ತೂಕ ಕಡಿಮೆ ಬಂತು ಅನ್ನುವವನ ದನಿ ಅದು.

ಇಂಥ ಗೋಡೆಗಳಿಗೆ ಮದ್ದು ಅರೆಯಲೆಂದೇ 2024ರಲ್ಲಿ ಎಸ್ಸೆಸ್ಸೆಲ್ಸಿ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಕ್ಯಾಮೆರಾ ಕಣ್ಣು ಬಿಟ್ಟಿತು, ಫಲಿತಾಂಶ ಕಣ್ಣು ಮುಚ್ಚಿತು. ಹಿಂದಿನ ವರ್ಷ ಶೇ 83.89 ಇದ್ದದ್ದು ಶೇ 73.40ಕ್ಕೆ ಬಿತ್ತು. ಅದೂ ಗ್ರೇಸ್ ಅಂಕವನ್ನು ಶೇ 10ರಿಂದ 20ಕ್ಕೆ ಏರಿಸಿ, ಏಣಿ ಹಾಕಿ ಹತ್ತಿಸಿದ ಮೇಲೆ! ವೈಶಾಲಿಯಲ್ಲಿ ಏಣಿ ಕೂಡ ಇರಲಿಲ್ಲ, ಬರೀ ಕೈಯಲ್ಲಿ ಹತ್ತಿದ್ದರು ಪಾಪ. ಗದ್ದಲವಾಗಿ ಮುಂದಿನ ವರ್ಷ ಏಣಿ ತೆಗೆದರು. 2025ರ ಮೊದಲ ಪರೀಕ್ಷೆಯಲ್ಲಿ ಶೇ 62.34. ಇಷ್ಟು ವರ್ಷ ಆ ಇಪ್ಪತ್ತು ಚಿಲ್ಲರೆ ಶೇಕಡಾ ಮಕ್ಕಳು ಹೇಗೆ ಪಾಸಾಗುತ್ತಿದ್ದರು ಅಂತ ಯಾರಾದರೂ ಕೂತು ಯೋಚಿಸಿದರೇ? ಯೋಚಿಸಿದರು. ಪಾಸಾಗಲು ಬೇಕಾದ ಶೇ 35ನ್ನು 33 ಮಾಡಿದರು.

ದೊಡ್ಡ ಪರೀಕ್ಷೆಗಳ ಕತೆ ಇನ್ನೂ ಚೆನ್ನ. 2023ರಲ್ಲಿ ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕರ ಪರೀಕ್ಷೆಯಲ್ಲಿ ಕಲಬುರಗಿ, ಯಾದಗಿರಿ ಕಡೆ ಬ್ಲೂಟೂತ್ ಸಿಕ್ಕಿತು. ಮುಂದಿನ ಪರೀಕ್ಷೆಗೆ ತುಂಬು ತೋಳಿನ ಶರ್ಟ್ ಇಲ್ಲ, ಒಡವೆ ಇಲ್ಲ. ಮಾಂಗಲ್ಯ, ಕಾಲುಂಗುರಕ್ಕೆ ಮಾತ್ರ ವಿನಾಯಿತಿ. 2025ರ ಸಿಇಟಿ ಹೊತ್ತಿಗೆ ಕೆಲವು ಕೇಂದ್ರಗಳಲ್ಲಿ ಜನಿವಾರದವರೆಗೂ ಹೋದರು. ಹತ್ತಿ ನೂಲಿನಲ್ಲಿ ನೆಟ್‌ವರ್ಕ್ ಬರುತ್ತದೆಂದು ಕಂಡುಹಿಡಿದವರು ಅಮಾನತಾದರು. ಒಟ್ಟಿನಲ್ಲಿ ಅಭ್ಯರ್ಥಿಯ ತೋಳು, ಕಿವಿ, ಕೊರಳು, ಕಾಲು ಎಲ್ಲ ತಪಾಸಣೆ ಮುಗಿದಿದೆ.

ತಪಾಸಣೆ ಮಾಡದೆ ಬಿಟ್ಟದ್ದು ಒಂದೇ ಜಾಗ. 2021ರ ಅಕ್ಟೋಬರಿನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಆಮೇಲೆ ಗೊತ್ತಾಯಿತು, ಉತ್ತರಕ್ಕೆ ವೃತ್ತ ತುಂಬುವ ಕೆಲವು ಒಎಂಆರ್ ಶೀಟುಗಳು ಪರೀಕ್ಷೆ ಮುಗಿದ ಮೇಲೆ ನಿಧಾನವಾಗಿ ತುಂಬಿಕೊಂಡಿದ್ದವು. ಎಲ್ಲಿ? ಶೀಟುಗಳನ್ನು ಜೋಪಾನ ಮಾಡಲೆಂದೇ ಇದ್ದ ನೇಮಕಾತಿ ವಿಭಾಗದ ಸ್ಟ್ರಾಂಗ್ ರೂಮಿನಲ್ಲಿ, ಅನ್ನುತ್ತದೆ ಸಿಐಡಿ ಆರೋಪ. 2022ರಲ್ಲಿ ಆ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಪೊಲೀಸ್ ಅಧಿಕಾರಿಯೇ ಬಂಧನಕ್ಕೊಳಗಾದರು. ಕಳ್ಳರನ್ನು ಹಿಡಿಯುವವರನ್ನು ಆರಿಸುವ ಪರೀಕ್ಷೆ ಅದು. ಅಲ್ಲಿಗೆ ಎಷ್ಟು ಅಳತೆಯ ಡಬ್ಬಿ ಬೇಕು, ಯಾರ ತಲೆಗೆ ಹಾಕಬೇಕು ಅಂತ ಹಾವೇರಿಯವರನ್ನೇ ಕೇಳಬೇಕು. ಅನುಭವ ಇರುವವರು ಅವರೇ.

ಇಷ್ಟೆಲ್ಲದರ ನಡುವೆ ನನಗೆ ನಿಜವಾಗಿ ಅಯ್ಯೋ ಅನಿಸುವುದು ಒಬ್ಬರ ಬಗ್ಗೆ ಮಾತ್ರ. ಕೊರೊನಾ ಕಾಲದ 2021ರ ಎಸ್ಸೆಸ್ಸೆಲ್ಸಿ ನೆನಪಿದೆ ಅಲ್ವಾ? ಎರಡೇ ದಿನ ಪರೀಕ್ಷೆ, ಬರೀ ಟಿಕ್ ಹಾಕುವುದು, ಯಾರನ್ನೂ ಫೇಲ್ ಮಾಡಲ್ಲ ಅಂತ ಸರ್ಕಾರ ಮೊದಲೇ ಸಾರಿತ್ತು. ಎಂಟೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆದರು. ಎಲ್ಲರೂ ಪಾಸ್, ಒಬ್ಬರು ಮಾತ್ರ ಫೇಲ್. ಆ ಒಬ್ಬರು ತಮ್ಮ ಬದಲು ಬೇರೆಯವರನ್ನು ಪರೀಕ್ಷೆ ಬರೆಯಲು ಕಳಿಸಿದ್ದರು.