ತುಳು ಹಾಸ್ಯ ಚಿತ್ರಗಳ ಅಲೆ ನಮ್ಮ ನಿರೀಕ್ಷೆ ಹುಸಿ ಮಾಡಿತೇ?

ಪರ: ಹೌದು, ಒಂದೇ ನಗುವಿನಲ್ಲಿ ನಿಂತುಬಿಟ್ಟೆವು

2011ರಲ್ಲಿ ‘ಒರಿಯರ್ದೊರಿ ಅಸಲ್’ ಬಂದಾಗ ಮಂಗಳೂರಿನಲ್ಲಿ ಅದರದ್ದೇ ಮಾತು. ವಿಜಯಕುಮಾರ್ ಕೊಡಿಯಾಲ್‌ಬೈಲ್ ತಮ್ಮದೇ ನಾಟಕವನ್ನು ತೆರೆಗೆ ತಂದಿದ್ದರು. ನಮ್ಮ ಮನೆಯಿಂದ ಅಜ್ಜಿಯೂ ಬಂದಿದ್ದರು. ಯಕ್ಷಗಾನ ಬಿಟ್ಟರೆ ಬೇರೇನನ್ನೂ ದುಡ್ಡು ಕೊಟ್ಟು ನೋಡದವರು ಅವರು. ತುಳುವಿನ ಮೊದಲ ಚಿತ್ರ ‘ಎನ್ನ ತಂಗಡಿ’ ಬಂದದ್ದು 1971ರಲ್ಲಿ. ನಲವತ್ತು ವರ್ಷ ಕಾದ ಮೇಲೆ ನಮ್ಮ ಭಾಷೆಗೂ ಒಂದು ಚಿತ್ರರಂಗ ಬಂತು ಅಂತ ಆ ದಿನ ಅನ್ನಿಸಿತ್ತು. 2014ರ ‘ಚಾಲಿ ಪೋಲಿಲು’ ಮಂಗಳೂರಿನಲ್ಲಿ 500 ದಿನ ದಾಟಿ ಓಡಿತು. ನಮ್ಮ ಆಸೆ ಇನ್ನೂ ಜಾಸ್ತಿಯಾಯಿತು.

ಆಮೇಲೆ ಬಂದ ಚಿತ್ರಗಳನ್ನು ನೆನೆಸಿಕೊಳ್ಳಿ. ಮುಕ್ಕಾಲು ಭಾಗ ತಮಾಷೆ, ಕೊನೆಯ ಹತ್ತು ನಿಮಿಷ ಅಮ್ಮನ ಕಣ್ಣೀರು. ಕಥೆ ಏನು ಅಂತ ಕೇಳಿದರೆ ಹೇಳುವುದಕ್ಕೆ ಎರಡು ಸಾಲು ಸಿಗುವುದಿಲ್ಲ. ನವೀನ್ ಡಿ. ಪಡೀಲ್, ಭೋಜರಾಜ್ ವಾಮಂಜೂರು, ಅರವಿಂದ ಬೋಳಾರ್, ದೇವದಾಸ್ ಕಾಪಿಕಾಡ್ ಈ ಹಾಸ್ಯ ನಟರ ಬಗ್ಗೆ ನನಗೆ ಒಂದು ದೂರೂ ಇಲ್ಲ. ಇವರಷ್ಟು ನನ್ನನ್ನು ನಗಿಸಿದವರು ಬೇರೆ ಯಾರೂ ಇಲ್ಲ. ಆದರೆ ನಾಟಕದಲ್ಲಿ ಇವರ ಬಲ ಇರುವುದು ಎದುರಿಗೆ ಕೂತ ಜನರಲ್ಲಿ. ಜನ ನಕ್ಕರೆ ಆ ಮಾತನ್ನು ಇನ್ನೂ ನಾಲ್ಕು ಸಾಲು ಎಳೆಯುತ್ತಾರೆ, ನಗದಿದ್ದರೆ ತಕ್ಷಣ ದಾರಿ ಬದಲಿಸುತ್ತಾರೆ. ನಿನ್ನೆಯ ನಾಟಕದ ಹಾಗೆ ಇವತ್ತಿನದ್ದು ಇರುವುದಿಲ್ಲ. ಕ್ಯಾಮೆರಾದ ಎದುರು ಆ ಜನ ಇಲ್ಲ. ಅಲ್ಲಿ ಬರೆದ ಪಾತ್ರವೇ ಕೈಹಿಡಿಯಬೇಕು. ಆ ಪಾತ್ರವನ್ನು ಕೂತು ಬರೆಯುವ ಕೆಲಸವೇ ಸರಿಯಾಗಿ ಆಗಲಿಲ್ಲ. ಇಂಥ ಕಲಾವಿದರಿಗೆ ಹತ್ತು ಚಿತ್ರದಲ್ಲೂ ಅದೇ ಪಾತ್ರ ಕೊಟ್ಟದ್ದು ನನಗೆ ನಿಜವಾಗಿ ಬೇಸರದ ವಿಷಯ.

ಹೀರೋಗಳ ಕಥೆಯೂ ಹಾಗೆಯೇ. ಪೃಥ್ವಿ ಅಂಬಾರ್ 2016ರಲ್ಲಿ ‘ಪಿಲಿಬೈಲ್ ಯಮುನಕ್ಕ’ ಮಾಡಿದರು. ಆದರೆ ನಾಡಿಡೀ ಅವರನ್ನು ಗುರುತಿಸಿದ್ದು 2020ರ ಕನ್ನಡ ಚಿತ್ರ ‘ದಿಯಾ’ದಿಂದ. ನಮ್ಮಲ್ಲಿ ಬೆಳೆದವರು ದೊಡ್ಡವರಾಗಲು ಬೇರೆ ಕಡೆ ಹೋಗಬೇಕಾಯಿತು, ಅಲ್ವಾ?

ಬೇರೆ ದಾರಿ ಇರಲಿಲ್ಲವೇ? ಇತ್ತು. ಅಭಯ ಸಿಂಹ ಅವರ ‘ಪಡ್ಡಾಯಿ’ ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ಕಥೆಯನ್ನು ನಮ್ಮ ಮೀನುಗಾರರ ನಡುವೆ ತಂದು ನಿಲ್ಲಿಸಿತು. ರಾಷ್ಟ್ರಪ್ರಶಸ್ತಿಯೂ ಬಂತು. ನೋಡಿ ಬಂದು ಗೆಳೆಯರಿಗೆಲ್ಲ ಹೋಗಿ ಅಂತ ಹೇಳಿದೆ. ಒಬ್ಬ ಕೇಳಿದ್ದು ಒಂದೇ ಪ್ರಶ್ನೆ: “ಅದ್ರಲ್ಲಿ ಕಾಮಿಡಿ ಉಂಟಾ?” ತುಳು ಸಿನಿಮಾ ಅಂದರೆ ಇಷ್ಟೇ ಅಂತ ಜನರಿಗೆ ಅಭ್ಯಾಸ ಮಾಡಿಸಿದ್ದು ಯಾರು? ಈ ಅಲೆಯೇ. ಈಗ ಅದೇ ಜನರಿಗೂ ಬೇಜಾರು ಬಂದಿದೆ. ಹೊಸ ಪೋಸ್ಟರ್ ನೋಡಿದರೆ ಸುಮ್ನೆ ಮುಂದೆ ಹೋಗುತ್ತಾರೆ.

ವಿರೋಧ: ಇಲ್ಲ, ನಿರೀಕ್ಷೆಯ ಲೆಕ್ಕವೇ ತಪ್ಪಿತ್ತು

ಮೊದಲು ಲೆಕ್ಕ ಹಾಕೋಣ. 2011ರ ಜನಗಣತಿಯಲ್ಲಿ ತುಳು ತಾಯ್ನುಡಿ ಅಂತ ಬರೆಸಿದವರು 18 ಲಕ್ಷ ಚಿಲ್ಲರೆ. ಅದರಲ್ಲಿ ತೊಟ್ಟಿಲ ಮಗುವೂ ಸೇರಿತು, ಮುಂಬೈಯಲ್ಲಿರುವವರೂ ಸೇರಿದರು. ಹತ್ತರಲ್ಲಿ ಒಬ್ಬರು ಥಿಯೇಟರಿಗೆ ಬಂದರು ಅಂತಿಟ್ಟುಕೊಳ್ಳಿ. ಟಿಕೆಟ್‌ಗೆ 150 ರೂಪಾಯಿ ಹಿಡಿದರೆ 2.7 ಕೋಟಿ ಆಯಿತು. ತೆರಿಗೆ ಹೋಗಿ, ಥಿಯೇಟರಿನವರ ಪಾಲು ಹೋಗಿ ಉಳಿದದ್ದು ನಿರ್ಮಾಪಕರಿಗೆ. ಅದೂ ಸೂಪರ್ ಹಿಟ್ ಆದರೆ ಮಾತ್ರ. ಕನ್ನಡಕ್ಕೆ ಟಿವಿ ಹಕ್ಕಿನ ದುಡ್ಡಿದೆ, ಡಬ್ಬಿಂಗ್ ದುಡ್ಡಿದೆ. ತುಳುವಿಗೆ ಆ ಆಸರೆ ತೀರಾ ಕಡಿಮೆ. ಹೀಗಿರುವಾಗ ಮನೆ ಮಂದಿಯೆಲ್ಲ ಒಟ್ಟಿಗೆ ಬರುವ ಚಿತ್ರ ಮಾಡದೆ ಬೇರೆ ಏನು ಮಾಡಬೇಕಿತ್ತು? ಆ ಅಜ್ಜಿಯನ್ನು ಥಿಯೇಟರಿಗೆ ಕರೆತಂದದ್ದು ಈ ತಮಾಷೆಯೇ ಅಲ್ವಾ?

ಜೊತೆಗೆ ಥಿಯೇಟರುಗಳೇ ಕಡಿಮೆಯಾದವು. ಮಂಗಳೂರಿನ ಜ್ಯೋತಿ ಟಾಕೀಸ್ ಈಗ ಇಲ್ಲ. ಬಸ್ಸಿನ ಕಂಡಕ್ಟರುಗಳು ಮಾತ್ರ ಇವತ್ತಿಗೂ “ಜ್ಯೋತಿ, ಜ್ಯೋತಿ” ಅಂತ ಕೂಗಿ ಜನರನ್ನು ಇಳಿಸುತ್ತಾರೆ. ಮಾಲ್‌ನಲ್ಲಿ ತುಳು ಚಿತ್ರ ದೊಡ್ಡ ಹಿಂದಿ ಚಿತ್ರದ ಎದುರು ಶೋ ಉಳಿಸಿಕೊಳ್ಳಬೇಕು. 2020ರ ಲಾಕ್‌ಡೌನ್ ಇದ್ದ ಸ್ವಲ್ಪ ಧೈರ್ಯವನ್ನೂ ತೆಗೆಯಿತು.

ಒಂದೇ ಅಚ್ಚಿನ ಚಿತ್ರಗಳು ಬಂದವು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಕೆಲವನ್ನು ಅರ್ಧಕ್ಕೆ ಬಿಟ್ಟು ಎದ್ದು ಬಂದಿದ್ದೇನೆ. ಆದರೆ ಅಲೆ ಸೋತಿತು ಅನ್ನುವವರು ಅದು ಎಲ್ಲಿಗೆ ಹೋಗಿ ಮುಟ್ಟಿತು ಅಂತ ನೋಡುವುದಿಲ್ಲ. 2022ರ ‘ಕಾಂತಾರ’ದಲ್ಲಿ ರಿಷಬ್ ಶೆಟ್ಟಿಯವರ ಸುತ್ತ ನಿಂತ ಪ್ರಕಾಶ್ ತೂಮಿನಾಡು, ದೀಪಕ್ ರೈ ಪಾಣಾಜೆ ಎಲ್ಲಿಂದ ಬಂದವರು? ನಮ್ಮ ತುಳು ರಂಗಭೂಮಿಯಿಂದ. 2025ರ ಜುಲೈಯಲ್ಲಿ ‘ಸು ಫ್ರಮ್ ಸೋ’ ಅನ್ನುವ ಕನ್ನಡ ಚಿತ್ರ ಬಂತು. ನಿರ್ದೇಶಕ ಜೆ.ಪಿ. ತೂಮಿನಾಡು. ದೊಡ್ಡ ಸ್ಟಾರ್ ಇಲ್ಲ, ಫೈಟ್ ಇಲ್ಲ, ಒಂದು ಊರು ಮತ್ತು ಊರಿನ ಜನ ಅಷ್ಟೇ. ಬೆಂಗಳೂರಿನಲ್ಲೂ ಶೋ ಮೇಲೆ ಶೋ ತುಂಬಿತು. ನಮ್ಮ “ಉಂಟು”, “ಮಾರಾಯ” ಕೇಳಿ ಬಯಲುಸೀಮೆಯವರೂ ನಕ್ಕರು. ಒಬ್ಬ ಮಾತು ಮುಗಿಸುವ ಮೊದಲೇ ಇನ್ನೊಬ್ಬ ಹಿಡಿಯುವುದು, ಮೂಲೆಯಲ್ಲಿ ನಿಂತವನಿಗೂ ಒಂದು ನಗು ಕೊಡುವುದು, ಇದು ದೇವಸ್ಥಾನದ ಗದ್ದೆಯಲ್ಲಿ ರಾತ್ರಿ ನಡೆಯುವ ನಾಟಕಗಳ ವಿದ್ಯೆ. ಅದೇ ವರ್ಷ ಇಡೀ ದೇಶಕ್ಕೆ ಅಂತ ಮಾಡಿದ ಎಷ್ಟೋ ಚಿತ್ರಗಳಿಗಿಂತ ಈ ಸಣ್ಣ ಚಿತ್ರ ಜನರಿಗೆ ಹತ್ತಿರವಾಯಿತು.

ಕಲಾವಿದರು ಕನ್ನಡಕ್ಕೆ ಹೋದರೆ ಅದನ್ನು ನಷ್ಟ ಅನ್ನಬೇಕಾಗಿಲ್ಲ. ನಮ್ಮ ಜನ ಎರಡೂ ಭಾಷೆಯಲ್ಲಿ ಬದುಕುವವರು. ಕನ್ನಡದಲ್ಲಿ ಹೊಟ್ಟೆಪಾಡು ನಡೆದರೆ ಡಿಸೆಂಬರಿನಲ್ಲಿ ಊರಿಗೆ ಬಂದು ತುಳು ನಾಟಕ ಆಡುವುದಕ್ಕೂ ಧೈರ್ಯ ಬರುತ್ತದೆ.

‘ಸು ಫ್ರಮ್ ಸೋ’ ನೋಡಲು ಉಡುಪಿಯಿಂದ ಅಮ್ಮನನ್ನು ಕರೆದುಕೊಂಡು ಮಣಿಪಾಲಕ್ಕೆ ಹೋಗಿದ್ದೆ. ಎರಡು ಗಂಟೆ ನಕ್ಕರು. ವಾಪಸ್ ಬರುವಾಗ ಈಶ್ವರ ನಗರ ದಾಟುವವರೆಗೂ ಮಾತಾಡಲಿಲ್ಲ. ಆಮೇಲೆ ತುಳುವಿನಲ್ಲಿ ಕೇಳಿದರು: ಇದನ್ನು ನಮ್ಮ ಭಾಷೆಯಲ್ಲೇ ಯಾಕೆ ಮಾಡಲಿಲ್ಲ? ನಾನು ಟಿಕೆಟ್ ಲೆಕ್ಕ ಹೇಳಿದೆ. ಅಮ್ಮ ಒಪ್ಪಲಿಲ್ಲ.