ಸಾರ್ಡೀನಿಯಾದ ಮುದ್ರಣಚಿತ್ರ: ಬರೀ ನೆಲದ ದನಿಯೇ?
ಇಟಲಿಯ ದ್ವೀಪವಾದ ಸಾರ್ಡೀನಿಯಾದ ಮರಗೆತ್ತನೆಯ (ಮರದ ಹಲಗೆಯಲ್ಲಿ ಚಿತ್ರ ಕೆತ್ತಿ ಕಾಗದದ ಮೇಲೆ ಅಚ್ಚೊತ್ತುವ ಕಲೆಯ) ಕಪ್ಪು-ಬಿಳುಪು ಶೈಲಿ ಹೊರಗಿನ ಸೋಂಕಿಲ್ಲದೆ ಅಲ್ಲಿನ ಕುರುಬರ ಬದುಕಿನಿಂದಲೇ ಹುಟ್ಟಿತೆಂಬ ವಾದವನ್ನು ಒಪ್ಪಲಾಗದು. ಸಾಸ್ಸರಿ ನಗರದಲ್ಲಿ ಹುಟ್ಟಿ ಕಾನೂನು ಓದಿದ ಕಲಾವಿದ ಜುಸೆಪ್ಪೆ ಬಿಯಾಸಿ (1885–1945) ಹಳ್ಳಿಯ ಹೆಂಗಸರ ಉಡುಗೆತೊಡುಗೆಗಳನ್ನು ಮರದ ಬದಲು ಬಳಸುವ ಮೆತ್ತನೆಯ ಲಿನೋಲಿಯಂ ಹಾಳೆಯಲ್ಲಿ ಕೊರೆದದ್ದು ಅಧಿಕೃತ ಕಲಾಸಂಸ್ಥೆಗಳಿಂದ ಸಿಡಿದು ಹೊರಬಂದ ಮಧ್ಯ ಯುರೋಪಿನ ಕಲಾವಿದರ ಸಿಸೆಷನ್ ಪಂಥದ ಅಲಂಕಾರಿಕ ರೇಖೆಯನ್ನು ಅರಗಿಸಿಕೊಂಡ ಮೇಲೆಯೇ. ಒರಾನಿ ಎಂಬ ಹಳ್ಳಿಯಲ್ಲೇ ಹುಟ್ಟಿದ ಇನ್ನೊಬ್ಬ ಕಲಾವಿದ ಮಾರಿಯೊ ದೆಲಿತಾಲಾ ಅವರನ್ನು ಒಳಗಿನವರೆನ್ನಬಹುದು, ನಿಜ. ಆದರೆ ಕೆತ್ತಿದ ಜಾಗ ಬಿಳಿಯಾಗಿ ಉಳಿದು, ಕೆತ್ತದ ಜಾಗ ಶಾಯಿ ಹಿಡಿಯುವ ಈ ವಿಧಾನದಲ್ಲಿ ಲಂಗದ ಒಂದು ನೆರಿಗೆ ಮೂಡಬೇಕಾದರೂ (ಅಚ್ಚಿನಲ್ಲಿ ಚಿತ್ರ ತಿರುವುಮುರುವಾಗಿ ಬೀಳುವುದರಿಂದ) ಉಳಿಯ ಪ್ರತಿ ಗೀರನ್ನು ಎಡಬಲ ತಿರುಗಿಸಿ ಮೊದಲೇ ಲೆಕ್ಕ ಹಾಕಬೇಕಾಗುತ್ತದೆ. ಅಂಥ ಕಸುಬುಗಾರಿಕೆಯನ್ನು ಮಣ್ಣಿನ ಸಹಜ ದನಿಯೆಂದು ಹೊಗಳುವುದು ಕಲಾವಿದರ ಕಲಿಕೆಯನ್ನೂ ಆಯ್ಕೆಯನ್ನೂ ಮರೆಮಾಚುತ್ತದೆ.